ಅರವತ್ತೇಳರಲ್ಲಿ ನಡೆಯಲು ಹೊರಟ ಅಜ್ಜಿ

ಅರವತ್ತು ದಾಟಿತೆಂದರೆ ಇನ್ನು ಜಗಲಿ, ಮೊಮ್ಮಕ್ಕಳು, ಮಂಡಿನೋವು ಅಷ್ಟೇ ಎನ್ನುವವರು ನಮ್ಮಲ್ಲಿ ಬಹಳ. ಅಮೆರಿಕದ ಎಮ್ಮಾ ಗೇಟ್‌ವುಡ್ ಈ ಲೆಕ್ಕಕ್ಕೆ ಸಿಕ್ಕವರಲ್ಲ.

ಎಮ್ಮಾ ಹುಟ್ಟಿದ್ದು 1887ರಲ್ಲಿ, ಓಹಿಯೋ ರಾಜ್ಯದ ರೈತ ಕುಟುಂಬದಲ್ಲಿ. ಹದಿನೈದು ಮಕ್ಕಳ ಮನೆ ಅದು. 19ನೇ ವಯಸ್ಸಿಗೆ ಮದುವೆಯಾಗಿ 11 ಮಕ್ಕಳ ತಾಯಿಯಾದರು. ಹೊಲದ ಕೆಲಸ, ಒಲೆಯ ಕೆಲಸ ಎರಡಕ್ಕೂ ಬಿಡುವಿರಲಿಲ್ಲ. ಅದಕ್ಕಿಂತ ಕಷ್ಟದ್ದು ಗಂಡನ ಕಾಟ. ಹಲ್ಲು, ಪಕ್ಕೆಲುಬು ಮುರಿಯುವಷ್ಟು ಹೊಡೆತ. ತಾಳಲಾಗದಾಗ ಕಾಡಿನೊಳಗೆ ಹೋಗಿ ಇರುತ್ತಿದ್ದರು. 1941ರಲ್ಲಿ ವಿಚ್ಛೇದನ ಪಡೆದರು.

ಮಕ್ಕಳೆಲ್ಲ ದಡ ಸೇರಿದ ಮೇಲೆ ಒಂದು ಹಳೆಯ ಪತ್ರಿಕೆಯಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯ ಬಗ್ಗೆ ಓದಿದರು. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯಗಳ ಬೆಟ್ಟಕಾಡುಗಳಲ್ಲಿ ಸಾಗುವ ಈ ದಾರಿ ಆಗ ಸುಮಾರು 3,300 ಕಿ.ಮೀ. ಇತ್ತು. ಒಂಟಿ ಹೆಂಗಸು ಯಾರೂ ಒಂದೇ ಹಂಗಾಮಿನಲ್ಲಿ ಅದನ್ನು ಪೂರ್ತಿ ನಡೆದಿರಲಿಲ್ಲ.

1954ರಲ್ಲಿ ಮೇನ್ ಕಡೆಯಿಂದ ಹೊರಟರು. ದಾರಿ ತಪ್ಪಿತು, ಕನ್ನಡಕ ಒಡೆಯಿತು. ಅರಣ್ಯ ಸಿಬ್ಬಂದಿ ಅವರನ್ನು ಮನೆಗೆ ಕಳಿಸಿದರು. ಎಮ್ಮಾ ಸುಮ್ಮನಾಗಲಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡಿಗೆ ರೂಢಿಸಿಕೊಂಡರು. 1955ರ ಮೇ 3ರಂದು ಜಾರ್ಜಿಯಾದಿಂದ ಮತ್ತೆ ಹೊರಟರು. ಮಕ್ಕಳಿಗೆ ಹೇಳಿದ್ದು ನಡೆಯಲು ಹೋಗುತ್ತೇನೆ ಎಂದಷ್ಟೇ. ಎಲ್ಲಿಗೆ, ಎಷ್ಟು ದೂರ ಎಂದು ಹೇಳಲಿಲ್ಲ.

ಗುಡಾರವಿಲ್ಲ, ನಕ್ಷೆಯಿಲ್ಲ. ಕೈಯಲ್ಲೇ ಹೊಲಿದ ಒಂದು ಚೀಲ ಹೆಗಲ ಮೇಲೆ, ಕಾಲಿಗೆ ಕ್ಯಾನ್ವಾಸ್ ಶೂ. ಹೊದೆಯಲು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಒಣದ್ರಾಕ್ಷಿ, ಕಡಲೆಕಾಯಿ ಬೀಜ, ಕಾಡುಹಣ್ಣು ತಿಂದು ನಡೆದರು. ಕೆಲವು ರಾತ್ರಿ ಗೊತ್ತಿಲ್ಲದವರ ಮನೆಯಲ್ಲಿ ಮಲಗಿದರೆ ಇನ್ನು ಕೆಲವು ರಾತ್ರಿ ಬಯಲಲ್ಲೇ. ಆರೇಳು ಜೊತೆ ಶೂ ಸವೆದವು. ಸೆಪ್ಟೆಂಬರ್ 25ರಂದು ಮೇನ್‌ನ ಕಟಾಡಿನ್ ಶಿಖರ ತಲುಪಿದರು. ದಾರಿಯ ದುಃಸ್ಥಿತಿಯನ್ನು ಪತ್ರಕರ್ತರ ಮುಂದೆ ಬಿಚ್ಚಿಟ್ಟರು. ಅದರಿಂದ ದಾರಿಯ ದುರಸ್ತಿಗೆ ಜನರ ಗಮನ ಹರಿಯಿತು.

1957ರಲ್ಲಿ ಅದೇ ದಾರಿಯನ್ನು ಇನ್ನೊಮ್ಮೆ ಪೂರ್ತಿ ನಡೆದರು. ಆಮೇಲೆ ತುಂಡು ತುಂಡಾಗಿ ನಡೆದು ಮೂರನೇ ಸಲವೂ ಮುಗಿಸಿದಾಗ ವಯಸ್ಸು ಎಪ್ಪತ್ತೈದು ದಾಟಿತ್ತು. ನಡುವೆ 1959ರಲ್ಲಿ ಮಿಸೌರಿಯಿಂದ ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 2,000 ಮೈಲಿ ನಡೆದರು.

ಕೊನೆಯ ವರ್ಷಗಳಲ್ಲಿ ಒಬ್ಬರೇ ನಡೆಯುವುದಕ್ಕಿಂತ ಬೇರೆಯವರನ್ನು ನಡೆಸುವುದೇ ಹೆಚ್ಚಾಯಿತು. ತಮ್ಮ ಊರ ಸುತ್ತಿನ ಕಾಡಿನಲ್ಲಿ ಕಾಲುದಾರಿ ಸವರಿ ಗುರುತು ಹಾಕಿದರು. ಓಹಿಯೋದ ಹಾಕಿಂಗ್ ಹಿಲ್ಸ್‌ನಲ್ಲಿ ಜನವರಿಯ ಚಳಿಯಲ್ಲಿ ನಡೆಯುವ ಆರು ಮೈಲಿ ಸಾಮೂಹಿಕ ನಡಿಗೆಯ ಮುಂದಾಳಾಗಿದ್ದರು. 1973ರ ಜೂನ್‌ನಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಕಿಂಗ್ ಹಿಲ್ಸ್‌ನ ಆ ಆರು ಮೈಲಿ ದಾರಿಗೆ ಅವರದೇ ಹೆಸರಿಟ್ಟಿದ್ದಾರೆ.

ಎಮ್ಮಾ ಆಟಗಾರ್ತಿಯಲ್ಲ, ಹಣವಂತೆಯೂ ಅಲ್ಲ. ಐವತ್ತು ವರ್ಷ ಇನ್ನೊಬ್ಬರಿಗಾಗಿ ದುಡಿದ ಕಾಲನ್ನು ಕೊನೆಗೆ ತನಗಾಗಿ ಎತ್ತಿಟ್ಟ ಹಳ್ಳಿಯ ಹೆಂಗಸು.