ಶಿಖರವೇರಿದ ಮೇಲೆ ಶಿಷ್ಯತ್ವ

ನಮ್ಮ ಮಾಯಸಂದ್ರದ ತೆಂಗಿನ ತೋಟಗಳಲ್ಲಿ ಮರವೇರುವವನಿಗೆ ಗುರು ಯಾರೆಂದು ಕೇಳಿದವರನ್ನು ನಾನು ಕಂಡಿಲ್ಲ. ಅವನು ಏರಿಯೇ ಏರುವುದನ್ನು ಕಲಿತವನು. 1914ರಲ್ಲಿ ಹುಟ್ಟಿದ ತೇನ್‌ಸಿಂಗ್ ನಾರ್ಗೆಯವರೂ ಹಾಗೆಯೇ. 1935ರಲ್ಲಿ ಆಂಗ್ಲರ ತಂಡದ ಹೊರೆಯಾಳಾಗಿ ಎವರೆಸ್ಟಿನತ್ತ ಮೊದಲು ನಡೆದರು. ಓದುಬರಹ ಬಾರದಿದ್ದರೂ ಭಾಷೆಗಳು ಹಲವು ಬರುತ್ತಿದ್ದವು. 1952ರಲ್ಲಿ ಸ್ವಿಸ್ ಗೆಳೆಯ ಲ್ಯಾಂಬರ್ಟರೊಡನೆ ಶಿಖರದ ಸಮೀಪದವರೆಗೆ ಹೋಗಿ ಹಿಂದಿರುಗಬೇಕಾಯಿತು. ಆ ಗೆಳೆಯ ಕೊಟ್ಟ ಕೆಂಪು ಕೊರಳವಸ್ತ್ರವನ್ನು ಸುತ್ತಿಕೊಂಡೇ 1953ರ ಮೇ 29ರಂದು ಹಿಲರಿಯವರೊಡನೆ ತುದಿಯಲ್ಲಿ ನಿಂತರು.

ಇಷ್ಟು ಎಲ್ಲರೂ ಬಲ್ಲದ್ದೇ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮರುವರ್ಷದ ಸಂಗತಿ. ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆಯೊಂದನ್ನು ತೆರೆಯಲು ನೆಹರೂ ಅವರೂ ಬಂಗಾಳದ ಮುಖ್ಯಮಂತ್ರಿ ಬಿ. ಸಿ. ರಾಯರೂ ಮುಂದಾದಾಗ, ಜಗತ್ತಿನ ನೆತ್ತಿಯನ್ನು ಮೆಟ್ಟಿದ್ದ ಈ ನಲವತ್ತರ ಮನುಷ್ಯ ಸ್ವಿಟ್ಜರ್ಲೆಂಡಿಗೆ ಹೋಗಿ ಆರ್ನಾಲ್ಡ್ ಗ್ಲಾಟ್‌ಹಾರ್ಡರ ಬಳಿ ಶಿಷ್ಯರಾದರು. ಏರಬಲ್ಲವನಿಗೆ ಏರಿಸಲು ಬರಬೇಕೆಂದೇನೂ ಇಲ್ಲವಷ್ಟೆ; ಪಾಠ ಹೇಳಿ ಬದುಕುವ ನಮ್ಮಂಥವರು ಇದನ್ನು ಚೆನ್ನಾಗಿ ಬಲ್ಲೆವು.

ಬಳಿಕ ಕ್ಷೇತ್ರ ತರಬೇತಿಯ ನಿರ್ದೇಶಕರಾಗಿ, ಕಲಿಯಬಂದವರನ್ನು ಮೊದಲು ಡಾರ್ಜಿಲಿಂಗಿನ ಬಂಡೆಗಳ ಮೇಲೆ ಪಳಗಿಸಿ, ಅನಂತರ ಸಿಕ್ಕಿಮಿನ ಹಿಮದೆಡೆಗೆ ಕರೆದೊಯ್ಯುವುದು ಅವರ ಕೆಲಸವಾಯಿತು. ಇಂದು ಬೆಂಗಳೂರಿನ ಕೃತಕ ಗೋಡೆಗಳಲ್ಲಿ ಕೈ ಪಳಗಿಸಿಕೊಂಡು ರಾಮನಗರದ ಬಂಡೆಗಳಿಗೆ ಹೋಗುವ ಹುಡುಗರದೂ ಅಂಥದೇ ಕ್ರಮ. 1986ರ ಮೇ 9ರಂದು ತೇನ್‌ಸಿಂಗರು ಡಾರ್ಜಿಲಿಂಗಿನಲ್ಲಿ ತೀರಿಕೊಂಡರು. ಅವರ ಚಿತೆ ಉರಿದದ್ದು ಆ ಸಂಸ್ಥೆಯ ಆವರಣದಲ್ಲಿಯೇ.