ಉತ್ತಂಗಿ ಚನ್ನಪ್ಪನವರು

ಪವಿತ್ರ ಗ್ರಂಥವೊಂದನ್ನು ನಂಬಿದವನು ಅದನ್ನು ಹೇಗೆ ಓದಬೇಕು? ಅಕ್ಷರಕ್ಕೆ ಅಂಟಿಕೊಳ್ಳಬೇಕೆ, ಇಲ್ಲವೆ ಅದರ ತಿರುಳನ್ನು ಹಿಡಿಯಬೇಕೆ? ಎಲ್ಲ ಧರ್ಮಗಳಲ್ಲಿಯೂ ಹುಟ್ಟುವ ಪ್ರಶ್ನೆಯಿದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಎದೆಯಲ್ಲಿ ಹೊತ್ತು ಬಾಳಿದವರು ಉತ್ತಂಗಿ ಚನ್ನಪ್ಪನವರು. ವೃತ್ತಿಯಿಂದ ಅವರು ಕ್ರೈಸ್ತ ಸಭೆಯ ಪಾದ್ರಿಗಳು. ಪ್ರವೃತ್ತಿಯಿಂದ ಕನ್ನಡದ ವಿದ್ವಾಂಸರು. 'ತಿರುಳ್ಗನ್ನಡದ ತಿರುಕ' ಎಂದು ನಾಡು ಅವರನ್ನು ಪ್ರೀತಿಯಿಂದ ಕರೆಯಿತು.

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಪೂರ್ವಿಕರ ಊರು. ಮನೆತನದ ಹಿರಿಯರು ವೀರಶೈವರಾಗಿದ್ದು, ಬಾಸೆಲ್ ಮಿಷನ್ನಿನ ಪ್ರಭಾವದಿಂದ ಕ್ರೈಸ್ತಮತವನ್ನು ಅವಲಂಬಿಸಿದವರು. ಈ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿ, ಶಾಲೆಗಳನ್ನು ತೆರೆದು, ಕನ್ನಡ ಕಲಿತು ಕನ್ನಡದಲ್ಲಿಯೇ ಬೋಧಿಸುತ್ತಿದ್ದರು. ಹೀಗೆ ಬಾಲಕ ಚನ್ನಪ್ಪನಿಗೆ ಎರಡು ಪರಂಪರೆಗಳು ಒಟ್ಟಿಗೆ ದೊರೆತವು. ಮನೆಯಲ್ಲಿ, ಚರ್ಚಿನಲ್ಲಿ ಬೈಬಲ್ಲಿನ ವಾಚನ. ಹೊರಗೆ ಶರಣರ ವಚನ, ಸರ್ವಜ್ಞನ ತ್ರಿಪದಿ. ಧಾರವಾಡದಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಧರ್ಮಶಾಸ್ತ್ರವನ್ನು ಅಭ್ಯಸಿಸಿ, ಅವರು ಸಭೆಯ ಸೇವೆಗೆ ನಿಂತರು.

ಬೈಬಲ್ ಒಂದೇ ಪುಸ್ತಕದಂತೆ ಕಂಡರೂ ಅದು ಹಲವು ಗ್ರಂಥಗಳ ಸಮುಚ್ಚಯ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಗ್ರಂಥಗಳಿವೆ. ಮೊದಲನೆಯದು ಬಹುಮಟ್ಟಿಗೆ ಹೀಬ್ರೂ ಭಾಷೆಯಲ್ಲಿದ್ದು ಯೆಹೂದ್ಯರ ಧರ್ಮನಿಯಮ, ಚರಿತ್ರೆ, ಪ್ರವಾದಿಗಳ ಬೋಧೆಗಳನ್ನು ಒಳಗೊಂಡಿದೆ. ಎರಡನೆಯದು ಗ್ರೀಕ್ ಭಾಷೆಯಲ್ಲಿದ್ದು ಯೇಸುವಿನ ಜೀವನವನ್ನೂ ಅವನ ಶಿಷ್ಯರ ಕಾರ್ಯ, ಪತ್ರಗಳನ್ನೂ ಒಳಗೊಂಡಿದೆ. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಪೋಪನ ಆಜ್ಞೆಗಿಂತಲೂ ಧರ್ಮಸಭೆಗಳ ನಿರ್ಣಯಕ್ಕಿಂತಲೂ ಈ ಗ್ರಂಥವೇ ಮಿಗಿಲಾದ ಪ್ರಮಾಣವೆಂದು ಸಾರಿದನು. ಬಾಸೆಲ್ ಮಿಷನ್ನಿನವರು ಈ ಮಾರ್ಗದಲ್ಲಿ ನಡೆದವರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಪಟ್ಟ ಶ್ರಮದಿಂದ 1831ರ ಹೊತ್ತಿಗೆ ಸಮಗ್ರ ಬೈಬಲ್ ಕನ್ನಡದಲ್ಲಿ ಬಂದಿತ್ತು. ಮುಂದೆ ಕನ್ನಡ ಕ್ರೈಸ್ತರಲ್ಲಿ ಅದಕ್ಕೆ ರೂಢಿಯಾದ ಹೆಸರು 'ಸತ್ಯವೇದ.' ಹೊರನಾಡಿನ ಗ್ರಂಥ ಕನ್ನಡಕ್ಕೆ ಬರುವಾಗ 'ವೇದ'ವೆಂಬ ಈ ನೆಲದ ಮಾತನ್ನೇ ಆಶ್ರಯಿಸಿತು.

ಚನ್ನಪ್ಪನವರ ಚಿಂತನೆಗೆ ವಸ್ತುವಾದದ್ದು ಇಂಥ ಸಂಗತಿಯೇ. ಯೇಸುವಿನ ಉಪದೇಶವು ಅವರಿಗೆ ಪ್ರಾಣಕ್ಕಿಂತ ಮಿಗಿಲು. ಆದರೆ ಅದನ್ನು ಅರಿಯಬೇಕಾದರೆ ಕನ್ನಡದ ಒಕ್ಕಲಿಗನು ತನ್ನ ಹಿರಿಯರ ಜ್ಞಾನವನ್ನೆಲ್ಲ ತೊರೆದು, ಯೆಹೂದ್ಯರ ಚರಿತ್ರೆಯ ಬಾಗಿಲಿನಿಂದಲೇ ಒಳಗೆ ಬರಬೇಕೆ? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಭಾರತವನ್ನು ಬಿಟ್ಟು ಹೋಗಬೇಕಾಯಿತು. ದೇಶದಲ್ಲಿ ಸ್ವರಾಜ್ಯದ ಗಾಳಿ ಬೀಸತೊಡಗಿತ್ತು. ಭಾರತೀಯ ಕ್ರೈಸ್ತರು ತಮ್ಮ ನಂಬಿಕೆಯ ಬಗೆಗೆ ತಾವೇ ಯೋಚಿಸಬೇಕಾದ ಕಾಲ ಬಂದಿತ್ತು. ಈ ಸಂದರ್ಭದಲ್ಲಿ, 1921ರಲ್ಲಿ, ಚನ್ನಪ್ಪನವರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಗ್ರಂಥವನ್ನು ರಚಿಸಿದರು.

ಗ್ರಂಥದ ಹೆಸರೇ ಅರ್ಥವತ್ತಾಗಿದೆ. ಬೆತ್ಲೆಹೇಮ್ ಯೇಸು ಹುಟ್ಟಿದ ಊರು. ಬನಾರಸವು ಹಿಂದೂ ಧರ್ಮದ ಹೃದಯಸ್ಥಾನ. ಮೊದಲನೆಯದು ಎರಡನೆಯದಕ್ಕೆ ಅಪ್ಪಣೆ ಕೊಡುತ್ತಿಲ್ಲ, ವಾದಕ್ಕೆ ಕರೆಯುತ್ತಿಲ್ಲ; ವಿನಂತಿ ಮಾಡಿಕೊಳ್ಳುತ್ತಿದೆ. ಯೆಹೂದ್ಯರನ್ನು ಕ್ರಿಸ್ತನ ಬಳಿಗೆ ಸಿದ್ಧಗೊಳಿಸಿದ್ದು ಅವರ ಹಳೆಯ ಒಡಂಬಡಿಕೆ. ಹಾಗೆಯೇ ಭಾರತೀಯರಿಗೆ ಅವರ ವೇದೋಪನಿಷತ್ತುಗಳೇ ಹಳೆಯ ಒಡಂಬಡಿಕೆಯ ಸ್ಥಾನದಲ್ಲಿ ನಿಲ್ಲಬಲ್ಲವು ಎಂಬುದು ಅವರ ವಿಚಾರದ ಸಾರ.

ಇದು ಸಾಮಾನ್ಯವಾದ ಮಾತಾಗಿರಲಿಲ್ಲ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನು ಪೂರ್ತಿಯಾಗಿ ತಿರಸ್ಕರಿಸಿದಾಗ ಕ್ರೈಸ್ತಸಭೆ ಅವನನ್ನು ಹೊರಹಾಕಿತ್ತು. ಯೇಸುವೇ ಓದಿ ಉದಾಹರಿಸಿದ ಗ್ರಂಥಗಳನ್ನು ಬದಿಗಿಟ್ಟರೆ ಅವನ ಬೋಧೆಯ ಬೇರೇ ಕಡಿದಂತಾಗುವುದಿಲ್ಲವೆ ಎಂಬ ಆಕ್ಷೇಪಣೆಗೆ ಬಲವಿತ್ತು. ಆದರೆ ಚನ್ನಪ್ಪನವರದು ತಿರಸ್ಕಾರದ ಮಾರ್ಗವಾಗಿರಲಿಲ್ಲ. ತಮ್ಮ ನಾಡಿನ ಶಾಸ್ತ್ರಗಳಿಗೂ ಗೌರವದ ಸ್ಥಾನ ದೊರೆಯಬೇಕೆಂಬ ಹಂಬಲ ಅವರದು. ಇದಕ್ಕೆ ಪ್ರಾಚೀನರ ಬೆಂಬಲವೂ ಇಲ್ಲದಿರಲಿಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟನು, ಹೀಬ್ರೂ ಜನರಿಗೆ ಧರ್ಮನಿಯಮವು ಹೇಗೋ ಗ್ರೀಕರಿಗೆ ಅವರ ತತ್ತ್ವಶಾಸ್ತ್ರವು ಹಾಗೆಯೇ ಕ್ರಿಸ್ತನೆಡೆಗೆ ಕರೆತರುವ ಗುರುವಾಯಿತೆಂದು ಭಾವಿಸಿದ್ದನು. ಗ್ರೀಕರಿಗೆ ಸಲ್ಲುವುದು ಭಾರತೀಯರಿಗೆ ಏಕೆ ಸಲ್ಲಬಾರದು?

ಸಭೆಯ ಹಿರಿಯರಿಗೆ ಈ ಗ್ರಂಥ ಹಿಡಿಸಲಿಲ್ಲ. ಚನ್ನಪ್ಪನವರು ಟೀಕೆಗೆ ಗುರಿಯಾದರು. ಕ್ರೈಸ್ತರಲ್ಲಿ ಕೆಲವರಿಗೆ ಅವರು ಹಿಂದೂಗಳಂತೆ ತೋರಿದರು. ಹಿಂದೂಗಳಲ್ಲಿ ಕೆಲವರಿಗೆ ಅವರು ಬರಿಯ ಪಾದ್ರಿಗಳಾಗಿ ತೋರಿದರು. ಎರಡು ದಡಗಳ ನಡುವೆ ಸೇತುವೆಯಾಗಬಯಸುವವನು ಎರಡೂ ಕಡೆಯ ತುಳಿತವನ್ನು ಸಹಿಸಬೇಕಾಗುತ್ತದೆ. ಅವರು ಕ್ರಿಸ್ತನನ್ನೂ ಬಿಡಲಿಲ್ಲ. ತಮ್ಮ ನಾಡಿನ ಸಂತರನ್ನೂ ಬಿಡಲಿಲ್ಲ.

ಧಾರವಾಡ ಸೀಮೆಯಲ್ಲಿ ಕಲಘಟಗಿ, ಮಿಶ್ರಿಕೋಟಿ, ಕುಂದಗೋಳ, ನವಲಗುಂದಗಳ ರೈತರ ನಾಲಗೆಯ ಮೇಲೆ ಸರ್ವಜ್ಞನ ತ್ರಿಪದಿಗಳು ನಲಿದಾಡುತ್ತಿದ್ದವು. ಆದರೆ ಊರಿಗೊಂದು ಪಾಠ, ಬಾಯಿಗೊಂದು ರೂಪ. ಚನ್ನಪ್ಪನವರು ವರ್ಷಗಟ್ಟಲೆ ದುಡಿದು, ಹಸ್ತಪ್ರತಿಗಳನ್ನು ಕೂಡಿಸಿ, ಜನರ ಬಾಯಲ್ಲಿದ್ದುದನ್ನು ಕೇಳಿ, ಪಾಠಗಳನ್ನು ಹೋಲಿಸಿ, ಸುಮಾರು 2,000 ವಚನಗಳನ್ನು 1924ರಲ್ಲಿ ಪ್ರಕಟಿಸಿದರು. ಒಂದು ಗ್ರಂಥದಲ್ಲಿ ಮೂಲದ ಮಾತು ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಪರೀಕ್ಷಿಸುವುದು ಬೈಬಲ್ ಪಂಡಿತರ ಶಿಸ್ತು. ಅಂಥದೇ ಶಿಸ್ತನ್ನು ಅವರು ಒಬ್ಬ ಅಲೆಮಾರಿ ಕವಿಯ ಮಾತಿಗೆ ಸಲ್ಲಿಸಿದರು. ಗ್ರಂಥವನ್ನು ಪರೀಕ್ಷಿಸುವುದು ಅದಕ್ಕೆ ಮಾಡುವ ಅಗೌರವವಲ್ಲ, ಅದೇ ನಿಜವಾದ ಗೌರವವೆಂಬುದು ಅವರ ಕೃತಿಯಿಂದ ಸ್ಪಷ್ಟವಾಯಿತು.

ಮುಂದೆ ಅವರು ವಚನ ಸಾಹಿತ್ಯದ ಕಡೆಗೆ ತಿರುಗಿದರು. ಮೋಳಿಗೆ ಮಾರಯ್ಯ, ಸಿದ್ಧರಾಮ ಮೊದಲಾದ ಶರಣರ ವಾಣಿಯನ್ನು ಸಂಪಾದಿಸಿದರು. ಅನುಭವಮಂಟಪ ಎಂಬುದು ಇತ್ತೇ ಎಂದು ವಿದ್ವಾಂಸರು ಸಂಶಯಪಟ್ಟಾಗ, ವಚನಗಳೊಳಗಿನ ಆಧಾರಗಳನ್ನು ಮುಂದಿಟ್ಟು ಅದರ ಐತಿಹಾಸಿಕತೆಯನ್ನು ಸಮರ್ಥಿಸಿದವರಲ್ಲಿ ಈ ಕ್ರೈಸ್ತ ಪಾದ್ರಿಯೂ ಒಬ್ಬರು. 1949ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಕೃತಜ್ಞತೆಯನ್ನು ಸಲ್ಲಿಸಿತು. 1962ರ ಆಗಸ್ಟ್ 28ರಂದು ಅವರು ತೀರಿಕೊಂಡರು.

ಚನ್ನಪ್ಪನವರ ವಿಚಾರವನ್ನು ಎಲ್ಲರೂ ಒಪ್ಪಿರಲಿಲ್ಲ; ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಆದರೆ ತನ್ನ ಗ್ರಂಥವನ್ನು ಆಳವಾಗಿ ಓದಿದವನು ಪರರ ಗ್ರಂಥವನ್ನು ಹಗುರಾಗಿ ಕಾಣಲಾರನೆಂಬುದನ್ನು ಅವರು ಬದುಕಿ ತೋರಿಸಿದರು. ಬೈಬಲ್ಲನ್ನು ಹಿಡಿದ ಕೈಯಿಂದಲೇ ಅವರು ಸರ್ವಜ್ಞನನ್ನೂ ಶರಣರನ್ನೂ ಕನ್ನಡಿಗರ ಕೈಗಿತ್ತರು.