ಜಾವಾ ಜನಕ ಯಾನೆಚೆಕ್

ಮನೆಗೆ ಅಡಿಪಾಯ ಹೇಗೋ ಮೋಟಾರು ಸೈಕಲ್ಲಿಗೆ ಚೌಕಟ್ಟು ಹಾಗೆ. ಇಂಜಿನು ಕೆಟ್ಟರೆ ಬಿಚ್ಚಿ ಕಟ್ಟಬಹುದು. ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಚೌಕಟ್ಟೇ ಸೊಟ್ಟಗಾದರೆ ಗಾಡಿಯೂ ನೆಟ್ಟಗೆ ಹೋಗದು, ಸವಾರನೂ ನೆಟ್ಟಗೆ ಮನೆ ಸೇರಲಾರನು. ಜಯನಗರ, ಬನಶಂಕರಿಗಳ ಗ್ಯಾರೇಜುಗಳ ಮುಂದೆ ಹಳೆಯ ಜಾವಾ, ಯೆಜ್ದಿಗಳನ್ನು ಬಿಚ್ಚಿ ಹರಡಿಕೊಂಡು, ಅವುಗಳ ಇಂಜಿನನ್ನು ಚಾಪರ್ ಮಾದರಿಯ ಉದ್ದನೆಯ ಚೌಕಟ್ಟಿಗೆ ಕೂರಿಸುವ ಕನಸು ಕಾಣುವ ತರುಣರುಂಟು. ನಮ್ಮ ಸಹಪಾಠಿಗಳಲ್ಲೂ ಅಂಥವರಿಲ್ಲದೆ ಇಲ್ಲ. ಯಾವ ಚೌಕಟ್ಟನ್ನು ಆರಿಸಬೇಕೆಂಬ ಅವರ ಪ್ರಶ್ನೆಗೆ, ಆ ಗಾಡಿಗೆ ಹೆಸರು ಕೊಟ್ಟವನ ಬಾಳೇ ಉತ್ತರ ಹೇಳುತ್ತದೆ.

ಫ್ರಾಂಟಿಶೆಕ್ ಯಾನೆಚೆಕ್ 1878ನೆಯ ಇಸವಿ ಜನವರಿ 23ರಂದು ಬೊಹೀಮಿಯದ ಒಂದು ಹಳ್ಳಿಯಲ್ಲಿ ಜನಿಸಿದನು. ಆ ನಾಡು ಆಗ ಆಸ್ಟ್ರಿಯ-ಹಂಗೆರಿ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಇಂಜಿನಿಯರಿಂಗ್ ಕಲಿತ ಆತನು ಆಯುಧಗಳ ರಚನೆಯಲ್ಲಿ, ವಿಶೇಷವಾಗಿ ಕೈಬಾಂಬುಗಳಲ್ಲಿ ಹೆಸರು ಗಳಿಸಿದನು. ಮೊದಲನೆಯ ಮಹಾಯುದ್ಧದ ತರುವಾಯ ಚೆಕೊಸ್ಲೊವಾಕಿಯ ಸ್ವತಂತ್ರವಾದಾಗ ಪ್ರಾಗ್ ನಗರದಲ್ಲಿ ಸ್ವಂತ ಆಯುಧ ಕಾರ್ಖಾನೆಯನ್ನು ತೆರೆದನು. ಆದರೆ ಶಾಂತಿಕಾಲದಲ್ಲಿ ಆಯುಧ ಕೊಳ್ಳುವವರು ಯಾರು? 1920ರ ದಶಕ ಮುಗಿಯುವ ವೇಳೆಗೆ ಕೆಲಸ ಇಳಿಮುಖವಾಯಿತು. ನೆಚ್ಚಿದ ಕೆಲಸಗಾರರನ್ನು ಉಳಿಸಿಕೊಳ್ಳಬೇಕಾದರೆ ಬೇರೊಂದು ಸರಕು ಬೇಕಾಗಿತ್ತು. ಆತನು ಮೋಟಾರು ಸೈಕಲ್ಲನ್ನು ಆರಿಸಿಕೊಂಡನು.

ಮೊದಲ ಆಯ್ಕೆಯಲ್ಲೇ ಆತನು ಎಡವಿದನು. ಜರ್ಮನಿಯ ವಾಂಡರರ್ ಕಂಪೆನಿಯಿಂದ 500 ಸಿ.ಸಿ. ಗಾಡಿಯೊಂದರ ಹಕ್ಕನ್ನು 1929ರಲ್ಲಿ ಕೊಂಡನು. ಉಕ್ಕಿನ ತಗಡನ್ನು ಅಚ್ಚೊತ್ತಿ ಮಾಡಿದ ಚೌಕಟ್ಟು, ಚೈನಿನ ಬದಲು ಹಿಂಚಕ್ರಕ್ಕೆ ಶಾಫ್ಟು, ನೋಡಲು ಗಂಭೀರ. ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿ ಚೆಕ್ ನುಡಿಯಲ್ಲಿ ಯಾವಾ ಆಯಿತು. ಇಂಗ್ಲಿಷ್ ಓದಿನಲ್ಲಿ ಅದೇ ಜಾವಾ. ಆದರೆ ಬೆಲೆ ಬಲು ದುಬಾರಿ. ಜಗತ್ತನ್ನೇ ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಅದು ಸಾಮಾನ್ಯನ ಕೈಗೆ ಎಟುಕಲಿಲ್ಲ.

ಮತ್ತೊಬ್ಬನಾಗಿದ್ದರೆ ಹಟ ಹಿಡಿದು ಮುಳುಗುತ್ತಿದ್ದನೇನೋ. ಯಾನೆಚೆಕ್ ಇಂಗ್ಲೆಂಡಿನವನಾದ ಜಾರ್ಜ್ ಪ್ಯಾಚೆಟ್ ಎಂಬ ನಿಪುಣನನ್ನು ಬರಮಾಡಿಕೊಂಡನು. ಇಂಗ್ಲೆಂಡಿನ ವಿಲಿಯರ್ಸ್ ಕಂಪೆನಿಯ 175 ಸಿ.ಸಿ. ಇಂಜಿನನ್ನು ತರಿಸಿ, ಅದಕ್ಕೆ ತಕ್ಕ ಹಗುರ ಚೌಕಟ್ಟನ್ನು ತಮ್ಮಲ್ಲೇ ಸಿದ್ಧಪಡಿಸಿದರು. ಇಂಜಿನು ಒಬ್ಬರದು, ಚೌಕಟ್ಟು ಇನ್ನೊಬ್ಬರದು! ಇಂದಿನ ಚಾಪರ್ ಕಟ್ಟುವವನ ಉಪಾಯವೂ ಅದೇ ತಾನೆ? ವ್ಯತ್ಯಾಸವಿಷ್ಟೆ: ಯಾನೆಚೆಕ್ ಚೌಕಟ್ಟನ್ನು ಅಂದಕ್ಕಾಗಿ ಆರಿಸಲಿಲ್ಲ; ಸವಾರನ ಜೇಬನ್ನೂ ಊರಿನ ರಸ್ತೆಯನ್ನೂ ಕಂಡು ಆರಿಸಿದನು. 1932ರಲ್ಲಿ ಹೊರಬಂದ ಆ ಪುಟ್ಟ ಗಾಡಿ ಕಾರ್ಖಾನೆಯನ್ನು ಉಳಿಸಿತು.

1939ರಲ್ಲಿ ಜರ್ಮನ್ ಸೇನೆ ಪ್ರಾಗನ್ನು ಆಕ್ರಮಿಸಿತು. ಪರರ ಆಡಳಿತದಲ್ಲೇ, 1941ರ ಜೂನ್ 4ರಂದು ಯಾನೆಚೆಕ್ ಕಣ್ಣುಮುಚ್ಚಿದನು. ಆದರೂ ಆತನ ಶಿಷ್ಯರು ಆಕ್ರಮಣಕಾರರ ಕಣ್ಣು ತಪ್ಪಿಸಿ ಹೊಸದೊಂದು 250 ಸಿ.ಸಿ. ಗಾಡಿಯನ್ನು ರೂಪಿಸುತ್ತಿದ್ದರು. 1946ರಲ್ಲಿ ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಬೆಳಕು ಕಂಡಿತು. ಯುದ್ಧಪೂರ್ವದ ಜಾವಾಗಳ ಹಿಂಚಕ್ರಕ್ಕೆ ಸ್ಪ್ರಿಂಗು ಇರಲಿಲ್ಲ, ಇದಕ್ಕೆ ಇತ್ತು. ಕುಲುಕಾಟದಿಂದ ಸವಾರನ ಬೆನ್ನಿಗೆ ಬಿಡುಗಡೆಯಾಯಿತು.

ಆ ವಂಶದ ಗಾಡಿಯೇ ನಮ್ಮ ನಾಡಿಗೂ ಬಂದಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜಾವಾ 250 ಗಾಡಿಯನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದವರ ಕೈಕೆಲಸ ಇಂದಿಗೂ ನಮ್ಮ ಬೀದಿಗಳಲ್ಲಿ ಸದ್ದುಮಾಡುತ್ತ ಓಡುತ್ತಿದೆ.

ಈಗ ಮಿತ್ರರ ಪ್ರಶ್ನೆಗೆ ಬರೋಣ. ಚಾಪರ್ ಚೌಕಟ್ಟಿನಲ್ಲಿ ಹ್ಯಾಂಡಲಿನ ಕತ್ತನ್ನು ಹಿಂದಕ್ಕೆ ಓರೆಮಾಡಿ ಮುಂಚಕ್ರವನ್ನು ದೂರಕ್ಕೆ ಚಾಚುತ್ತಾರೆ. ನೇರವಾದ ಹೆದ್ದಾರಿಯಲ್ಲಿ ಅದು ಸ್ಥಿರವಾಗಿ ಸಾಗೀತು. ಜಯನಗರದ ಅಡ್ಡರಸ್ತೆಗಳಲ್ಲಿ, ಬಿ.ಟಿ.ಎಂ. ಬಡಾವಣೆಯ ದಟ್ಟಣೆಯಲ್ಲಿ ಮೆಲ್ಲಗೆ ತಿರುಗಿಸುವಾಗ ಭಾರವೆನಿಸುತ್ತದೆ. ಹಿಂದೆ ಸ್ಪ್ರಿಂಗಿಲ್ಲದ ಚೌಕಟ್ಟನ್ನು ಬಯಸುವವನು, ಯಾನೆಚೆಕ್‌ನ ಶಿಷ್ಯರು ಕಷ್ಟಪಟ್ಟು ದೂರಮಾಡಿದ ಕುಲುಕಾಟವನ್ನು ಹಣ ಕೊಟ್ಟು ಮರಳಿ ತರುತ್ತಾನೆ. ಉಬ್ಬುಗಳೂ ಗುಂಡಿಗಳೂ ತುಂಬಿದ ಊರಿನಲ್ಲಿ ಬೆನ್ನೆಲುಬಿಗೆ ಅದೇನು ಸುಖ?

ಇದಕ್ಕಿಂತ ಹಿರಿದಾದ ಮಾತೊಂದಿದೆ. ಅಮೆರಿಕದಲ್ಲಿ ಚೌಕಟ್ಟನ್ನು ಬಿಡಿಯಾಗಿ ಕೊಂಡು ಗಾಡಿ ಕಟ್ಟುವ ರೂಢಿಯುಂಟು. ನಮ್ಮಲ್ಲಿ ಗಾಡಿಯ ಗುರುತೇ ಚೌಕಟ್ಟಿನ ಮೇಲೆ ಅಚ್ಚೊತ್ತಿದ ಚಾಸಿ ನಂಬರು. ತಯಾರಕರು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮೈಸೂರಿನ ಚೌಕಟ್ಟನ್ನು ಗರಗಸಕ್ಕೆ ಕೊಟ್ಟವನ ಕೈಯಲ್ಲಿ ಉಳಿಯುವುದು ಕಾಗದಕ್ಕೆ ಹೊಂದದ ಗಾಡಿ. ಇನ್ನೊಂದು ಚೌಕಟ್ಟನ್ನು ಮೈಸೂರಿನಲ್ಲಿ ಮಾಡಿಕೊಡುವವರೂ ಈಗಿಲ್ಲ.

ಆದುದರಿಂದ ಅಪ್ಪ, ಚಿಕ್ಕಪ್ಪಂದಿರು ಬಿಟ್ಟುಹೋದ ಜಾವಾ ಮನೆಯ ಮೂಲೆಯಲ್ಲಿದ್ದರೆ, ಅದರ ಹುಟ್ಟುಚೌಕಟ್ಟನ್ನೇ ಆರಿಸಿಕೊಳ್ಳುವುದು ಲೇಸು. ತುಕ್ಕು ತೆಗೆಸಿ, ಸೊಟ್ಟ ತಿದ್ದಿಸಿ, ಬಣ್ಣ ಬಳಿಸಿದರೆ ಸಾಕು. ತಪ್ಪಾದ ಆಯ್ಕೆಯನ್ನು ಅಭಿಮಾನಕ್ಕೆ ಕಟ್ಟುಬೀಳದೆ ಕೈಬಿಟ್ಟುದೇ ಯಾನೆಚೆಕ್‌ನ ದೊಡ್ಡತನ. ಗರಗಸ ಕೈಗೆತ್ತಿಕೊಳ್ಳುವ ಮುನ್ನ ನಮ್ಮ ತರುಣರು ಆತನನ್ನೊಮ್ಮೆ ನೆನೆಯಲಿ.